ಮಗಳು ಹೋಗಿದ್ದು ಸ್ಪೇನಿಗೆ, ಅಕ್ಕಪಕ್ಕದವರೆಲ್ಲ ನಾರ್ವೆಯವರು!

ವಿದ್ಯಾನಗರದವಳು, ದಾವಣಗೆರೆ:
ಮಗಳದ್ದು ಮನೆಯಿಂದಲೇ ಕಂಪ್ಯೂಟರ್ ಕೆಲಸ. ಅಂಥವರಿಗೆ ಅಂತ ಸ್ಪೇನ್ 2023ರಲ್ಲಿ ಶುರು ಮಾಡಿದ ವೀಸಾ ಸಿಕ್ಕಿ, ಬೆನಿಡಾರ್ಮ್ ಪಕ್ಕದ ಆಲ್ಫಾಸ್ ದೆಲ್ ಪಿ ಎಂಬ ಕಡಲೂರಿನಲ್ಲಿದ್ದಾಳೆ. ವಿಡಿಯೋ ಕಾಲ್ ಮಾಡಿದರೆ ಎಡಗಡೆ ನಾರ್ವೆ ಅಜ್ಜ, ಬಲಗಡೆ ಡಚ್ಚರು, ಕೆಳಗಿನ ಮನೆಯಲ್ಲಿ ಇನ್ನೊಬ್ಬರು ನಾರ್ವೆ ಅಜ್ಜಿ. ಸ್ಪೇನಿನವರು ಎಲ್ಲಿ ಅಂದರೆ ನಗುತ್ತಾಳೆ. "ಸ್ಪ್ಯಾನಿಷ್ ಯಾಕಮ್ಮ, ಎಲ್ಲರಿಗೂ ಇಂಗ್ಲಿಷ್ ಬರುತ್ತೆ" ಅಂತಾಳೆ. ನನಗೆ ಅದೇ ಚಿಂತೆ. ಸುಮ್ನೆ ಹೆದರ್ತಾ ಇದೀನಾ? ಆ ಕಡೆ ಇದ್ದವರು ಹೇಳಿ.

ಹರಿಹರದ ಹುಡುಗ:
ಅಕ್ಕಾ, ನಾನು ಆ ತೀರದಲ್ಲಿ ಮೂರು ವರ್ಷ ಇದ್ದೆ. ನಾರ್ವೆಯವರು ಅಲ್ಲಿಗೆ ನಿನ್ನೆ ಮೊನ್ನೆ ಬಂದವರಲ್ಲ, ಅವರದೇ ಶಾಲೆಯೂ ಇದೆ. ಚಳಿಗಾಲದಲ್ಲಿ ಅವರ ದೇಶದಲ್ಲಿ ಮಧ್ಯಾಹ್ನವೇ ಕತ್ತಲು, ರಿಟೈರ್ ಆದವರು ಬಿಸಿಲು ಹುಡುಕಿಕೊಂಡು ಬರುತ್ತಾರೆ.

ಮೊದಲು ಕೇಳಿ, ಪದ್ರೋನ್ ಮಾಡಿಸಿದ್ದಾಳಾ? ಪುರಸಭೆಗೆ ಹೋಗಿ "ಈ ವಿಳಾಸದಲ್ಲಿದ್ದೇನೆ" ಅಂತ ಹೆಸರು ಬರೆಸುವುದು. ಪಾಸ್‌ಪೋರ್ಟು, ಬಾಡಿಗೆ ಕರಾರು ಒಯ್ಯಬೇಕು. ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಹತ್ತಾರು ಕಡೆ ಆ ಚೀಟಿ ಕೇಳುತ್ತಾರೆ. ನಮ್ಮಂಥವರು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ನಾನು ಮರೆತೆ, ಹೆಸರು ಹೊಡೆದು ಹಾಕಿದ್ದರು. ಕೌಂಟರಿನಲ್ಲಿದ್ದ ಹೆಂಗಸಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ನನಗೆ ಗೊತ್ತಿದ್ದ ಸ್ಪ್ಯಾನಿಷ್ ಅಂದರೆ ಹಾಲು ಹಾಕಿದ ಕಾಫಿ ಕೇಳುವಷ್ಟು, "ಕಫೆ ಕೊನ್ ಲೆಚೆ". ಅವತ್ತು ಸಂಜೆಯೇ ಕ್ಲಾಸಿಗೆ ಸೇರಿದೆ.

ಚೌಕಿಪೇಟೆ:
ನಮ್ಮ ಪೇಟೆಯ ಮಾರ್ವಾಡಿ ಅಂಗಡಿಯವರನ್ನೇ ನೋಡಿ. ಮನೆಯಲ್ಲಿ ಮಾರ್ವಾಡಿ, ಗಲ್ಲಾ ಮುಂದೆ ಕೂತರೆ "ಏನ್ ಬೇಕ್ರೀ ಯಜಮಾನ್ರೇ". ಅಲ್ಲಿಯ ಅಜ್ಜಂದಿರಿಗೆ ಗಲ್ಲಾ ಇಲ್ಲ, ಪೆನ್ಶನ್ ಬರುತ್ತೆ. ಭಾಷೆ ಬರದಿದ್ದರೂ ನಡೆಯುತ್ತೆ. ನಿಮ್ಮ ಮಗಳು ದುಡಿಯುವವಳು, ಅವಳಿಗೆ ನಡೆಯಲ್ಲ.

ಹರಿಹರದ ಹುಡುಗ:
ಇನ್ನೊಂದು. ಅಲ್ಲಿ ನೆಲೆಸಿದ ನಾರ್ವೆಯವರು ಊರಿನ ಚುನಾವಣೆಯಲ್ಲಿ ಓಟು ಹಾಕಬಹುದು, ಎರಡು ದೇಶಗಳ ನಡುವೆ ಒಪ್ಪಂದ ಇದೆ. ನಮಗೆ ಆ ಹಕ್ಕಿಲ್ಲ. ಓಟು ಬೇಕಿದ್ದವರು ಅವರನ್ನು ಅವರ ಭಾಷೆಯಲ್ಲೇ ಮಾತಾಡಿಸುತ್ತಾರೆ. ನಮ್ಮನ್ನು ಯಾರು ಕೇಳಬೇಕು? ನಾವೇ ಹೋಗಿ ಮಾತಾಡಿಸಬೇಕು.

ವಿದ್ಯಾನಗರದವಳು, ದಾವಣಗೆರೆ:
ಕೇಳಿದೆ. ಪದ್ರೋನ್ ಮಾಡಿಸಿಲ್ಲವಂತೆ! ಸೋಮವಾರ ಹೋಗ್ತಾಳಂತೆ. ಕೆಳಗಿನ ಮನೆ ಅಜ್ಜಿಗೆ ನಾನು ಕಳಿಸಿದ ಶೇಂಗಾ ಚಟ್ನಿಪುಡಿ ಕೊಟ್ಟಿದ್ದಾಳೆ. ಅವರು ಅದನ್ನು ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಉದುರಿಸಿಕೊಂಡು ತಿಂದರಂತೆ. ಬೆಣ್ಣೆ ಹಚ್ಚಿದ್ದಾರಲ್ಲ, ದಾವಣಗೆರೆಯವರೇ ಬಿಡಿ.