ಸವಿತಾ ನಮ್ಮೂರವರು. ಅವರ ಕಥೆ ನಮ್ಮ ಮಾತಿನಲ್ಲಿ ಯಾಕೆ ಸಿಗ್ತಿಲ್ಲ?

ಟಿಳಕವಾಡಿ_ರೇಡಿಯೊ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ವಾರ ಸವದತ್ತಿ ಬಸ್ಸಿನಲ್ಲಿ ಕೂತು ‘ಸ್ಲೋ ಬರ್ನ್’ ಎಂಬ, ರೇಡಿಯೊ ಥರ ಬೇಕಾದಾಗ ಫೋನಿನಲ್ಲಿ ಕೇಳುವ ಪಾಡ್‌ಕಾಸ್ಟಿನ ಏಳನೇ ಸೀಸನ್ ಕೇಳಿ ಮುಗಿಸಿದೆ. ಅಮೆರಿಕದಲ್ಲಿ ಗರ್ಭಪಾತವನ್ನು ಹಕ್ಕು ಎಂದು ಒಪ್ಪಿದ 1973ರ ರೋ ತೀರ್ಪಿಗೆ ಮುಂಚಿನ ದಿನಗಳ ಕಥೆ ಅದು. ಮೊದಲ ಕಂತು ಫ್ಲೋರಿಡಾದ ಶರ್ಲಿ ವೀಲರ್ ಎಂಬ ಹೆಣ್ಣುಮಗಳದ್ದು. ಗರ್ಭ ತೆಗೆಸಿಕೊಂಡಳು ಅಂತ 1971ರಲ್ಲಿ ಕೋರ್ಟು ಆಕೆಯನ್ನು ನರಹತ್ಯೆಯ ಅಪರಾಧಿ ಎಂದಿತು. ಈ ಸರಣಿ ಬಂದಿದ್ದು 2022ರ ಜೂನ್‌ನಲ್ಲಿ. ಅದೇ ತಿಂಗಳ 24ಕ್ಕೆ ಅಲ್ಲಿನ ಸುಪ್ರೀಂ ಕೋರ್ಟು ರೋ ತೀರ್ಪನ್ನೇ ಅಳಿಸಿ ಹಾಕಿತು. ಆ ವರ್ಷದ ಕೊನೆಗೆ ಆಪಲ್ ಇದನ್ನೇ ವರ್ಷದ ಪಾಡ್‌ಕಾಸ್ಟ್ ಎಂದು ಆರಿಸಿತು.

ಕೇಳುತ್ತಾ ನನಗೆ ನೆನಪಾಗಿದ್ದು ಸವಿತಾ ಹಾಲಪ್ಪನವರ. ನಮ್ಮ ಬೆಳಗಾವಿಯ ಮಗಳು, ಇಲ್ಲೇ ಓದಿ ಹಲ್ಲಿನ ಡಾಕ್ಟರ್ ಆದವರು. ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರ್ 21ಕ್ಕೆ ಬೆನ್ನು ನೋವು ಅಂತ ಆಸ್ಪತ್ರೆಗೆ ಹೋದರು. ಆಗ 17 ವಾರದ ಬಸುರಿ. ಕೂಸು ಉಳಿಯುವುದಿಲ್ಲ ಎಂದು ಗೊತ್ತಾಯಿತು. ಹಾಗಾದರೆ ತೆಗೆದುಬಿಡಿ ಎಂದು ಕೇಳಿಕೊಂಡರು. ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂಬ ಉತ್ತರ ಬಂತು. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತನ್ನೂ ಕೇಳಬೇಕಾಯಿತು. ಮೈಗೆ ನಂಜು ಏರಿ ಅಕ್ಟೋಬರ್ 28ಕ್ಕೆ ತೀರಿಕೊಂಡರು. ವಯಸ್ಸು 31. ಐರ್ಲೆಂಡಿನ ಜನ ಅವರ ಫೋಟೊ ಹಿಡಿದು ಬೀದಿಗೆ ಬಂದರು. 2018ರ ಮೇ 25ಕ್ಕೆ ಜನಮತ ನಡೆಯಿತು. ನೂರಕ್ಕೆ 66.4 ಮತ ಗರ್ಭಪಾತ ತಡೆಯುವ ಕಾನೂನು ಬದಲಾಗಲಿ ಎಂದಿತು. ಡಬ್ಲಿನ್ನಿನ ಗೋಡೆಯ ಮೇಲಿನ ಅವರ ಚಿತ್ರಕ್ಕೆ ಜನ ಬಂದು ಸಣ್ಣ ಸಣ್ಣ ಚೀಟಿ ಅಂಟಿಸಿ ಹೋಗಿದ್ದರು.

ಮನೆಗೆ ಬಂದು ಇದನ್ನೆಲ್ಲಾ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲಿದ್ದುದನ್ನು ತಿರುವುವುದೇ ಮರೆತರು. ‘ಆಕಿ ನಮ್ಮ ಬೆಳಗಾವಿಯಾಕಿ ಅಂತ ನನಗ ಯಾರೂ ಹೇಳೇ ಇಲ್ಲಲ್ಲ’ ಅಂದರು. ಎಷ್ಟು ಹುಡುಕಿದರೂ ಈ ವಿಷಯದ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಪಾಡ್‌ಕಾಸ್ಟ್ ನನಗೆ ಸಿಗಲಿಲ್ಲ. ಸವಿತಾ ಅವರಿಂದ ಶುರು ಮಾಡಿ, ನಮ್ಮ ಕಾನೂನು ಏನು ಹೇಳುತ್ತದೆ, ಎಲ್ಲಿಗೆ ಹೋಗಬೇಕು, ಯಾರ ಸಹಿ ಬೇಕು ಎಂದು ಎಂಟು ಹತ್ತು ಕಂತು ಮಾಡೋಣ ಅಂತಿದ್ದೇನೆ. ಏನಂತೀರಿ?

ಗುಮ್ಮಟದ_ಮೈಕ್:

ಅಕ್ಕಾ, ವಿಷಯ ತುಂಬಾ ಒಳ್ಳೆಯದು. ನಾನು ವಿಜಯಪುರದಲ್ಲಿ ಮೂರು ವರ್ಷದಿಂದ ಪಾಡ್‌ಕಾಸ್ಟ್ ಮಾಡ್ತಿದ್ದೇನೆ, ಅದಕ್ಕೇ ಕೆಲವು ಮಾತು ಹೇಳ್ತೀನಿ.

ಈ ಧಂಧೆ ಈಗ ಹೋಗ್ತಿರುವ ದಾರಿ ನಿಮ್ಮ ವಿಷಯಕ್ಕೆ ಹೊಂದುವುದಿಲ್ಲ. 2019ರಲ್ಲಿ ಹಾಡು ಕೇಳಿಸುವ ಕಂಪನಿ ಸ್ಪಾಟಿಫೈ ದೊಡ್ಡ ದುಡ್ಡು ಸುರಿದು ಗಿಮ್ಲೆಟ್ ಎಂಬ ಸ್ಟುಡಿಯೊ ಕೊಂಡಿತು, ಪಾಡ್‌ಕಾಸ್ಟ್ ಮಾಡಲು ಬಳಸುವ ಆಂಕರ್ ಆ್ಯಪನ್ನೂ ಕೊಂಡಿತು. 2023ರ ಜೂನ್‌ನಲ್ಲಿ ಅದೇ ಕಂಪನಿ ಪಾಡ್‌ಕಾಸ್ಟ್ ವಿಭಾಗದಿಂದ 200 ಜನರನ್ನು ಕೆಲಸದಿಂದ ತೆಗೆಯಿತು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಬಾಗಿಲು ಹಾಕಿತು. ಈಗ ಎಲ್ಲಾ ಯೂಟ್ಯೂಬ್ ಕಡೆ. ತಿಂಗಳಿಗೆ ನೂರು ಕೋಟಿ ಜನ ಯೂಟ್ಯೂಬಿನಲ್ಲಿ ಪಾಡ್‌ಕಾಸ್ಟ್ ನೋಡ್ತಾರೆ ಎಂದು 2025ರ ಫೆಬ್ರವರಿಯಲ್ಲಿ ಆ ಕಂಪನಿಯವರೇ ಹೇಳಿದರು.

ನೋಡ್ತಾರೆ ಎಂಬ ಮಾತನ್ನು ಗಮನಿಸಿ. ಮುಖ ಕಾಣದಿದ್ದರೆ ಜನರಿಗೆ ತಲುಪುವುದಿಲ್ಲ ಅಂತ ಎಲ್ಲರೂ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದಾರೆ. ಗರ್ಭ ತೆಗೆಸಿಕೊಂಡ ಹೆಣ್ಣುಮಗಳು ಕ್ಯಾಮೆರಾ ಮುಂದೆ ಕೂರಲು ಸಾಧ್ಯವೇ? ನಮ್ಮ ಊರುಗಳಲ್ಲಿ?

ಟಿಳಕವಾಡಿ_ರೇಡಿಯೊ:

ತಮ್ಮಾ, ಅದಕ್ಕೇ ನನಗೆ ಬರೀ ದನಿ ಬೇಕು. ಮುಖ ಇಲ್ಲ, ಹೆಸರು ಇಲ್ಲ, ಊರು ಇಲ್ಲ. ಕೇಳುವವರಿಗೂ ಅದೇ ಅನುಕೂಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಸು ಹಾಲು ಹಿಂಡುವಾಗ ಏನು ಕೇಳ್ತಿದ್ದಾರೆ ಅಂತ ಅತ್ತೆಗೆ ಗೊತ್ತಾಗುವುದಿಲ್ಲ. ಸ್ಕ್ರೀನ್ ನೋಡ್ತಾ ಕೂತರೆ ಗೊತ್ತಾಗುತ್ತೆ. ಓದಲು ಬಾರದವರಿಗೂ ಕೇಳಲು ಬರುತ್ತೆ. ನಮ್ಮ ಅಜ್ಜಿ ಧಾರವಾಡ ಆಕಾಶವಾಣಿ ಕೇಳಿಯೇ ಎಷ್ಟೋ ಕಲಿತವರು.

ಜಮಖಂಡಿ_ಮಾಸ್ತರ:

ತಂಗೀ, ನಿನ್ನ ಮನಸ್ಸು ಒಳ್ಳೆಯದಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನನಗೆ ಹೆದರಿಕೆ ಇದೆ. 2022ರ ಜೂನ್‌ನಲ್ಲಿ ನಿಮ್ಮ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಡಬ್ಬಿಯೊಳಗೆ ಏಳು ಭ್ರೂಣ ಸಿಕ್ಕವು. 2023ರಲ್ಲಿ ಮಂಡ್ಯದ ಕಡೆ ಹೆಣ್ಣು ಭ್ರೂಣ ತೆಗೆಯುವ ಜಾಲ ಹೊರಗೆ ಬಂತು. ನಾನು ಮೂವತ್ತು ವರ್ಷ ಪಾಠ ಹೇಳಿದವನು. ಒಂದು ಮನೆಯಲ್ಲಿ ಮೂರು ಹೆಣ್ಣಾದ ಮೇಲೆ ನಾಲ್ಕನೆಯದಕ್ಕೆ ಏನು ನಡೆಯುತ್ತದೆ ಅಂತ ಊರಿಗೆ ಗೊತ್ತಿರುತ್ತದೆ. ‘ಗರ್ಭಪಾತ ನಿಮ್ಮ ಹಕ್ಕು’ ಎಂದು ನೀನು ಹೇಳಿದರೆ ಆ ಮಾತನ್ನು ಗಂಡಿನ ಮನೆಯವರು ಹೇಗೆ ಬಳಸುತ್ತಾರೆ, ಯೋಚನೆ ಮಾಡಿದ್ದೀಯಾ?

ಚಿಕ್ಕೋಡಿ_ವಕೀಲೆ:

ಮಾಸ್ತರ್ರೇ, ನಿಮ್ಮ ಹೆದರಿಕೆ ಸರಿಯಾದದ್ದೇ. ಆದರೆ ಅವು ಎರಡು ಬೇರೆ ಕಾನೂನು. ಲಿಂಗ ಪತ್ತೆ ಮಾಡುವುದು 1994ರ ಕಾಯ್ದೆಯಡಿ ಅಪರಾಧ. ಗರ್ಭ ತೆಗೆಸುವುದಕ್ಕೆ 1971ರ ಕಾಯ್ದೆ ಇದೆ, 2021ರಲ್ಲಿ ತಿದ್ದುಪಡಿ ಆಗಿದೆ. ಲಿಂಗ ಪತ್ತೆಯ ಕೇಸಿನಲ್ಲಿ, ಬಸುರಿಯನ್ನು ಗಂಡನೋ ಅವನ ಮನೆಯವರೋ ಒತ್ತಾಯ ಮಾಡಿದ್ದಾರೆ ಎಂದೇ ಕೋರ್ಟು ಮೊದಲು ಭಾವಿಸಬೇಕು. ಕಾಯ್ದೆಯಲ್ಲೇ ಹಾಗಿದೆ. ಇದು ಎಷ್ಟು ಸೊಸೆಯಂದಿರಿಗೆ ಗೊತ್ತು? ಗೊತ್ತಿಲ್ಲದೆ ಇರುವುದರಿಂದಲೇ ಒತ್ತಾಯ ನಡೆಯುವುದು.

ಇನ್ನೊಂದು. ಅಮೆರಿಕದ ತೀರ್ಪಿಗಿಂತ ಎರಡು ವರ್ಷ ಮುಂಚೆಯೇ ನಮ್ಮಲ್ಲಿ ಕಾನೂನು ಬಂತು ಅಂತ ಹೆಮ್ಮೆಪಡುತ್ತೇವೆ. ಆದರೆ ನಮ್ಮದು ಪೂರಾ ಹಕ್ಕಲ್ಲ. ಗರ್ಭ ತೆಗೆಸುವುದು ಇವತ್ತಿಗೂ ಭಾರತೀಯ ನ್ಯಾಯ ಸಂಹಿತೆಯ, ಅಂದರೆ ನಮ್ಮ ಅಪರಾಧ ಕಾನೂನಿನ, 88ನೇ ಕಲಮಿನಲ್ಲಿ ಅಪರಾಧವೇ. 1971ರ ಕಾಯ್ದೆ ಡಾಕ್ಟರ್ ಒಪ್ಪಿದರೆ ಬಿಡುಗಡೆ ಕೊಡುತ್ತದೆ. 20 ವಾರದವರೆಗೆ ಒಬ್ಬ ಡಾಕ್ಟರ್. 20ರಿಂದ 24 ವಾರದವರೆಗೆ ಇಬ್ಬರು, ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ನಡುವೆ ವಿಧವೆಯಾದವರು, ಇಂಥ ಕೆಲವರಿಗೆ ಮಾತ್ರ. ಮದುವೆಯಾಗದವರನ್ನೂ ಅದರಿಂದ ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ಕ್ಕೆ ಸುಪ್ರೀಂ ಕೋರ್ಟು ಹೇಳಿತು. ಅಮೆರಿಕ ಹಿಂದೆ ಹೋದ ಮೂರೇ ತಿಂಗಳಿಗೆ ನಮ್ಮ ಕೋರ್ಟು ಒಂದು ಹೆಜ್ಜೆ ಮುಂದಿಟ್ಟಿತು. ಇದನ್ನು ಹೇಳಬೇಕು ರೀ.

ಗೋಕಾಕ_ನೀರು:

ನನ್ನ ಅಭಿಪ್ರಾಯ ಬೇರೆ ಇದೆ, ಸಿಟ್ಟು ಮಾಡಬೇಡಿ. ನಮಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಗ ಹುಟ್ಟಿದ. ಸ್ಕ್ಯಾನಿಂಗ್‌ನಲ್ಲಿ ಆ ಎದೆಬಡಿತ ಮೊದಲು ಕೇಳಿದ ದಿನ ನಾನು ಅತ್ತೆ. ಅದು ಜೀವವೇ. ತಾಯಿಯ ಪ್ರಾಣಕ್ಕೆ ಕುತ್ತು ಬಂದಾಗ, ಅನ್ಯಾಯ ಆದಾಗ ಮಾತು ಬೇರೆ. ಸವಿತಾ ಅವರಿಗೆ ಆಗಿದ್ದು ಘೋರ. ಆದರೆ ಉಳಿದದ್ದಕ್ಕೆಲ್ಲಾ ಇದು ಸುಲಭ ದಾರಿ ಎನ್ನುವ ಹಾಗೆ ಹೇಳಬೇಡಿ ಅಂತ ನನ್ನ ಕೋರಿಕೆ.

ಇಳಕಲ್_ಸೆರಗು:

ಅಣ್ಣಾ, ಸುಲಭ ಅಂತ ಯಾರಿಗೂ ಅನಿಸಿರುವುದಿಲ್ಲ. ನನ್ನದು ಹೇಳ್ತೀನಿ, ಇದುವರೆಗೆ ಎಲ್ಲೂ ಹೇಳಿಲ್ಲ.

ನನಗೆ ಮೂರನೇ ತಿಂಗಳಲ್ಲಿ ತಾನಾಗೇ ಹೋಯಿತು. ರಾತ್ರಿ ಹೊಟ್ಟೆ ಹಿಂಡಿ ಬಂತು, ಬೆಳಗ್ಗೆ ಹಾಸಿಗೆ ತುಂಬಾ ರಕ್ತ. ಆಸ್ಪತ್ರೆಯಲ್ಲಿ ಗರ್ಭಚೀಲ ತೊಳೆದು ಕಳಿಸಿದರು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಅಬಾರ್ಷನ್’ ಅಂತ ಬರೆದಿದ್ದರು. ಡಾಕ್ಟರರ ಭಾಷೆಯಲ್ಲಿ ತಾನಾಗಿ ಹೋದದ್ದಕ್ಕೂ ಅದೇ ಶಬ್ದವಂತೆ. ನಮ್ಮ ಮೈದುನ ಅದನ್ನು ಓದಿದರು. ‘ವೈನಿ ತೆಗೆಸಿಕೊಂಡು ಬಂದಾಳ’ ಎಂದು ಮನೆ ತುಂಬಾ ಆಯಿತು. ಅತ್ತೆ ನಾಲ್ಕು ತಿಂಗಳು ನನ್ನ ಕೈ ಊಟ ಮಾಡಲಿಲ್ಲ. ಕೂಸು ಕಳೆದುಕೊಂಡವಳು ನಾನು, ಕೊಂದವಳು ಎನಿಸಿಕೊಂಡವಳೂ ನಾನೇ.

ಕನ್ನಡದಲ್ಲೂ ಇದೇ ತೊಂದರೆ ಇದೆ, ಅಲ್ವಾ? ತಾನಾಗಿ ಹೋದರೂ ಗರ್ಭಪಾತ ಅಂತಾರೆ, ತೆಗೆಸಿದರೂ ಗರ್ಭಪಾತ. ನೀವು ಪಾಡ್‌ಕಾಸ್ಟ್ ಮಾಡಿದರೆ ಮೊದಲು ಈ ಶಬ್ದವನ್ನು ಬಿಡಿಸಿ ಹೇಳಿ. ಸವಿತಾ ಅವರದ್ದೂ ತಾನಾಗಿ ಹೋಗ್ತಿದ್ದ ಗರ್ಭವೇ ತಾನೇ.

ಗೋಕಾಕ_ನೀರು:

ತಂಗೀ, ಓದಿ ತುಂಬಾ ಸಂಕಟವಾಯಿತು. ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸು. ಎದೆಬಡಿತದ ಬಗ್ಗೆ ನನ್ನ ನಂಬಿಕೆ ಹಾಗೇ ಇದೆ. ಆದರೆ ಈ ಚೀಟಿಯ ಮಾತು ಎಲ್ಲ ಗಂಡಸರಿಗೂ ಗೊತ್ತಾಗಬೇಕು.

ಬಾದಾಮಿ_ಸಿಸ್ಟರ್:

ಡ್ಯೂಟಿ ಮುಗಿಸಿ ಈಗ ಓದಿದೆ. ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಆಯಿತು. ನಮ್ಮ ಹತ್ತಿರ ಬರುವವರು ರೋ ತೀರ್ಪು ಕೇಳಿ ಬಂದಿರುವುದಿಲ್ಲ. ಗಂಡ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ಕೊಟ್ಟಿರುತ್ತಾನೆ. ಎಷ್ಟು ವಾರ ಅಂತ ಯಾರೂ ಕೇಳಿರುವುದಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ಆ ಗುಳಿಗೆ ಕೊಡುವಂತಿಲ್ಲ, ಒಂಬತ್ತು ವಾರದೊಳಗೆ ಮಾತ್ರ ಕೊಡಬೇಕು. ಇವರು ಮೂರೂವರೆ ತಿಂಗಳಿಗೆ ನುಂಗಿರುತ್ತಾರೆ. ರಕ್ತ ಹೋಗಿ ಹೋಗಿ ಉಗುರು ಬೆಳ್ಳಗಾಗಿರುತ್ತವೆ. ಸರಕಾರಿ ಆಸ್ಪತ್ರೆಗೆ ಮೊದಲೇ ಬಂದಿದ್ದರೆ ದುಡ್ಡೂ ಉಳಿಯುತ್ತಿತ್ತು, ಜೀವಕ್ಕೂ ಹೆದರಿಕೆ ಇರುತ್ತಿರಲಿಲ್ಲ.

ಮುಟ್ಟು ಯಾವಾಗ ಬಂದಿತ್ತು ಅಂತ ಕೇಳಿದರೆ ತಾರೀಖು ಯಾರೂ ಹೇಳುವುದಿಲ್ಲ. ‘ಪಂಚಮಿಗೆ ಹೊರಗಾಗಿದ್ದೆ ರೀ’ ಅಂತಾರೆ. ನಾನು ನನ್ನ ನೋಟ್‌ಬುಕ್ಕಿನಲ್ಲಿ ಹಬ್ಬದ ಲೆಕ್ಕವನ್ನೇ ಬರೆದಿಟ್ಟುಕೊಂಡಿದ್ದೇನೆ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಾಗರ ಪಂಚಮಿಗೆ ಹೊರಗಾದವಳಿಗೆ ದಸರೆಯ ಬನ್ನಿ ಕೊಡುವ ದಿನ ಬಂತೆಂದರೆ 64 ದಿನ. ಗುಳಿಗೆಯ ಒಂಬತ್ತು ವಾರ ಮುಗಿದವು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ 143 ದಿನ, ಅಂದರೆ 20 ವಾರ ದಾಟಿತು. ನಡುವೆ ಅಧಿಕ ಮಾಸ ಬಂದ ವರ್ಷ ಲೆಕ್ಕ ಬೇರೆ ಆಗುತ್ತೆ, ಅದನ್ನು ಮರೆಯಬಾರದು. ಹೀಗೆ ಹೇಳಿದರೆ ನಮ್ಮ ಹೆಣ್ಣುಮಕ್ಕಳಿಗೆ ತಟ್ಟನೆ ತಿಳಿಯುತ್ತೆ. ಕಾನೂನಿನ ವಾರ ಅವರಿಗೆ ಬೇಕಿಲ್ಲ, ಹಬ್ಬದ ಲೆಕ್ಕ ಬೇಕು.

ಸಹಿಯ ಮಾತು. ಹದಿನೆಂಟು ತುಂಬಿದ ಹೆಣ್ಣಿನದು ಆಕೆಯ ಒಬ್ಬಳ ಸಹಿ ಸಾಕು. ಒಪ್ಪಿಗೆಗೆ ತುಂಬುವ ಸಿ ಫಾರ್ಮಿನಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಆದರೂ ಎಷ್ಟೋ ಕಡೆ ‘ಯಜಮಾನರನ್ನು ಕರಕೊಂಡು ಬಾ’ ಅಂತ ವಾಪಸ್ ಕಳಿಸುತ್ತಾರೆ. ಗಂಡ ಪುಣೆಗೋ ಗೋವೆಗೋ ದುಡಿಯಲು ಹೋಗಿರುತ್ತಾನೆ. ಅವನು ಬರುವಷ್ಟರಲ್ಲಿ ವಾರ ದಾಟಿರುತ್ತೆ.

ಜಮಖಂಡಿ_ಮಾಸ್ತರ:

ಸಿಸ್ಟರ್, ಈ ಹಬ್ಬದ ಲೆಕ್ಕ ಓದಿ ನಾನು ಎರಡು ಸಲ ಪಂಚಾಂಗ ತೆಗೆದು ನೋಡಿದೆ. ಸರಿ ಇದೆ. ಇದು ಪ್ರತಿ ಹಳ್ಳಿಗೂ ಹೋಗಬೇಕಾದ ಮಾತು. ನನ್ನದು ಒಂದೇ ಷರತ್ತು. ಗಂಡೋ ಹೆಣ್ಣೋ ಅಂತ ನೋಡಿಸುವುದು ಅಪರಾಧ, ಒತ್ತಾಯ ಮಾಡಿದವರೇ ಜೈಲಿಗೆ ಹೋಗುತ್ತಾರೆ ಎಂಬುದನ್ನು ಮೊದಲ ಕಂತಿನಲ್ಲೇ ಹೇಳಿ. ಹತ್ತನೆಯದರಲ್ಲಿ ಅಲ್ಲ.

ಚಿಕ್ಕೋಡಿ_ವಕೀಲೆ:

ಒಪ್ಪಿದೆ. ಆ ಭಾಗ ನಾನೇ ಬರೆದುಕೊಡ್ತೀನಿ. ಜೊತೆಗೆ ಗುಟ್ಟಿನ ಮಾತೂ ಸೇರಲಿ. ಗರ್ಭ ತೆಗೆಸಿದವಳ ಹೆಸರನ್ನು ಡಾಕ್ಟರ್ ಹೊರಗೆ ಹೇಳಿದರೆ ಒಂದು ವರ್ಷದವರೆಗೆ ಜೈಲು ಇದೆ. ಹೆದರಿ ಕಳ್ಳ ದಾರಿ ಹಿಡಿಯುವವರಿಗೆ ಇದು ಮೊದಲು ಗೊತ್ತಾಗಬೇಕು.

ಗುಮ್ಮಟದ_ಮೈಕ್:

ಹಾಗಾದರೆ ಕೆಲಸದ ಮಾತಿಗೆ ಬರೋಣ. ಒಂದೇ ಕಂಪನಿಯ ಆ್ಯಪನ್ನು ನಂಬಬೇಡಿ, ಅವು ಯಾವಾಗ ಮುಚ್ಚುತ್ತವೋ ಹೇಳಲಾಗದು. ನಮ್ಮದೇ ಆರ್‌ಎಸ್‌ಎಸ್ ಫೀಡ್, ಅಂದರೆ ಕಂತುಗಳ ಪಟ್ಟಿ ಇರುವ ಕೊಂಡಿ, ಇಟ್ಟುಕೊಂಡರೆ ಎಲ್ಲಾ ಆ್ಯಪ್‌ಗೂ ಅಲ್ಲಿಂದಲೇ ಹೋಗುತ್ತೆ. ಹಳ್ಳಿಗೆ ಮಾತ್ರ ವಾಟ್ಸಾಪ್. ಏಳೆಂಟು ನಿಮಿಷದ ಆಡಿಯೊ ಮಾಡಿ, ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ. ದುಡ್ಡು ಬರುವುದಿಲ್ಲ, ಅದು ಮೊದಲೇ ಗೊತ್ತಿರಲಿ. ಎಡಿಟಿಂಗ್ ನಾನು ಮಾಡ್ತೀನಿ, ಒಂದು ಪೈಸೆ ಬೇಡ. ಮಾತಾಡುವವರ ದನಿ ಗುರುತು ಸಿಗದ ಹಾಗೆ ಬದಲಾಯಿಸಬಹುದು, ಆದರೆ ಜಾಸ್ತಿ ಬದಲಾಯಿಸಿದರೆ ನೋವು ಕೇಳಿಸುವುದಿಲ್ಲ. ಬೇರೆಯವರು ಓದಿದರೆ ಚೆನ್ನ.

ಇಳಕಲ್_ಸೆರಗು:

ನನ್ನ ಕಥೆ ಓದಿ. ಹೆಸರು ಬೇಡ, ಊರು ಬೇಡ. ‘ವೈನಿ’ ಅನ್ನುವ ಶಬ್ದ ಮಾತ್ರ ಹಾಗೇ ಇರಲಿ.

ಟಿಳಕವಾಡಿ_ರೇಡಿಯೊ:

ಇರುತ್ತೆ ಅಕ್ಕಾ. ನಿಮ್ಮದನ್ನು ನಮ್ಮ ಅವ್ವ ಓದುತ್ತಾರೆ. ಕೇಳಿದೆ, ಒಪ್ಪಿದರು. ಮೊದಲ ಕಂತು ಸವಿತಾ ಅವರದ್ದು, ಅದರಲ್ಲೇ ಮಾಸ್ತರರ ಷರತ್ತು. ಎರಡನೆಯದು ಚೀಟಿಯ ಮೇಲಿನ ಶಬ್ದ. ಮೂರನೆಯದು ಹಬ್ಬದ ಲೆಕ್ಕ, ಅದನ್ನು ಸಿಸ್ಟರ್ ಹೇಳಬೇಕು.

ಬಾದಾಮಿ_ಸಿಸ್ಟರ್:

ಹೇಳ್ತೀನಿ. ಭಾನುವಾರ ರಜೆ ಇದೆ, ಅವತ್ತೇ ರೆಕಾರ್ಡ್ ಮಾಡಿ ಕಳಿಸ್ತೀನಿ. ಒಂದೇ ವಿನಂತಿ ತಮ್ಮಾ, ಹಿಂದುಗಡೆ ಮ್ಯೂಸಿಕ್ ಹಾಕಬೇಡಿ. ದನಿ ಸಣ್ಣ ಇಟ್ಟುಕೊಂಡು, ಕದ ಮುಂದೆ ಮಾಡಿಕೊಂಡು ಕೇಳುವವರು ಇರ್ತಾರೆ. ಅವರಿಗೆ ಒಂದೊಂದು ಅಕ್ಷರವೂ ತಿಳಿಯಬೇಕು.