ತೋಟದ ರಸ್ತೆಯ ಜಿಪಿಎಸ್ ಜಾಡು: ತಿದ್ದಿ ಹಂಚಬೇಕೇ, ಇದ್ದಂತೆಯೇ ಹಂಚಬೇಕೇ?

ಪ್ರಶ್ನೆ (ಆಲ್ದೂರು ಕಡೆಯವರು):
ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಮ್ಮ ಸುತ್ತಲಿನ ಕಾಫಿ ತೋಟದ ರಸ್ತೆಗಳನ್ನು ಸೇರಿಸುತ್ತಿದ್ದೇನೆ. ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋಗುವಾಗ ಎರಡು ದಿನ ಫೋನಿನಲ್ಲಿ ದಾಖಲಿಸಿದ ಜಾಡುಗಳು (ಸಾಗಿದ ದಾರಿಯ ಜಿಪಿಎಸ್ ಬಿಂದುಗಳ ಸಾಲು) ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆಯಾದರೂ, ಉಪಗ್ರಹ ಚಿತ್ರದಲ್ಲಿ ಕಾಣುವ ರಸ್ತೆಯಿಂದ ಎರಡೂ ಸುಮಾರು 10 ಮೀಟರ್ ಪಕ್ಕಕ್ಕೆ ಬಿದ್ದಿವೆ. ಅಂದಮೇಲೆ ಚಿತ್ರವೇ ತಪ್ಪೆಂದು ತಿಳಿಯಬಹುದೇ? ಅಡ್ಡಾದಿಡ್ಡಿ ಬಿಂದುಗಳನ್ನು ಅಳಿಸಿ, ಗೆರೆಯನ್ನು ನಯಗೊಳಿಸಿ ಹಂಚಿಕೊಂಡರೆ ಒಳ್ಳೆಯದಲ್ಲವೇ?

ಉತ್ತರ (ಸಕಲೇಶಪುರ):
ದಯವಿಟ್ಟು ನಯಗೊಳಿಸಬೇಡಿ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ, ಒಂದು ಮಗ್ಗುಲಿಗೆ ಗುಡ್ಡವಿರುವ ಕಡೆ, ಉಪಗ್ರಹಗಳ ಸಂಕೇತ ಅರ್ಧ ಮರೆಯಾಗಿ, ಅರ್ಧ ಪ್ರತಿಫಲಿಸಿ ಬರುವುದರಿಂದ ಬಿಂದುಗಳು ಚದುರುತ್ತವೆ. ಎಲ್ಲಿ ಎಷ್ಟು ಚದುರಿವೆ ಎಂಬುದೇ ಮುಂದಿನವರಿಗೆ ಬೇಕಾದ ಮಾಹಿತಿ. ತಿದ್ದಿದ ಗೆರೆಯಲ್ಲಿ ಅಳತೆ ಯಾವುದು, ನಿಮ್ಮ ಊಹೆ ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಿಂದುಗಳನ್ನು ಕಡಿಮೆ ಮಾಡುವ ತಂತ್ರಾಂಶಗಳಂತೂ ಚಾರ್ಮಾಡಿಯಂಥ ಘಾಟಿಯ ತಿರುವುಗಳನ್ನೇ ನುಂಗಿಬಿಡುತ್ತವೆ.

ನಿಮ್ಮ ಜಾಡುಗಳಲ್ಲಿ ಬಿಂದುಗಳನ್ನು ದಾಖಲಿಸಿದ ಸಮಯ ಉಳಿದಿದ್ದರೆ ಒಮ್ಮೆ ನೋಡಿ: ಎರಡೂ ದಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಗಿರಬೇಕು. ಜಿಪಿಎಸ್ ಉಪಗ್ರಹಗಳು ಪ್ರತಿದಿನ ಸುಮಾರು 4 ನಿಮಿಷ ಮುಂಚೆ ಆಕಾಶದ ಅದೇ ಜಾಗಕ್ಕೆ ಮರಳುವುದರಿಂದ, ಅದೇ ಗುಡ್ಡ ಅದೇ ಉಪಗ್ರಹಗಳನ್ನು ಮರೆಮಾಡಿ ಅದೇ ತಪ್ಪನ್ನು ಮತ್ತೆ ಉಂಟುಮಾಡಬಲ್ಲದು. ಎರಡು ಸಾಕ್ಷಿಗಳೆಂದು ನಾವು ಎಣಿಸಿದ್ದು ಒಂದೇ ಸಾಕ್ಷಿಯಾಗಿರಬಹುದು.

ಉತ್ತರ (ಹಾಸನ):
ಮೇಲಿನವರ ಮಾತು ಸರಿ, ಆದರೆ ಚಿತ್ರವನ್ನೂ ಪೂರ್ತಿ ನಂಬುವಂತಿಲ್ಲ. ಮಲೆನಾಡಿನ ಇಳಿಜಾರಿನಲ್ಲಿ ಅದು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಸರಿದಿರುವುದಿಲ್ಲ. ಆಲ್ದೂರಿನಲ್ಲಿ ಹೊಂದಿಸಿದ ಚಿತ್ರ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಹೊಂದದೆ ಹೋಗಬಹುದು. ಮೊದಲು ಮರಗಳಿಲ್ಲದ ಬಯಲಿನ ಜಾಡುಗಳಿಗೆ ಚಿತ್ರವನ್ನು ಹೊಂದಿಸಿಕೊಂಡು ಆಮೇಲೆ ತೋಟದೊಳಕ್ಕೆ ಬನ್ನಿ.

ಇದ್ದಂತೆಯೇ ಹಂಚುವುದೆಂದರೆ ಮನೆಯಂಗಳದವರೆಗೂ ಹಂಚುವುದೆಂದಲ್ಲ. ಜಾಡಿನ ಎರಡೂ ತುದಿಗಳನ್ನು ಕತ್ತರಿಸಿ, ಡೈರಿಯ ಮುಂದೆ ನಿಂತಾಗ ನೂಲುಂಡೆಯಂತೆ ಸೇರಿಕೊಂಡ ಬಿಂದುಗಳನ್ನೂ ತೆಗೆಯಿರಿ. ಸಮಯವನ್ನು ಮಾತ್ರ ಉಳಿಸಿ, ಏಕೆಂದರೆ ಸಮಯವಿಲ್ಲದ ಬಿಂದುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ತಾಣ ಸ್ವೀಕರಿಸುವುದಿಲ್ಲ. ಅಲ್ಲಿನ ‘ಖಾಸಗಿ’ ಆಯ್ಕೆ (ಹೆಸರು ಕೇಳಿ ನಾನೂ ಮೋಸಹೋಗಿದ್ದೆ) ಬಿಂದುಗಳನ್ನು ಬಚ್ಚಿಡುವುದಿಲ್ಲ, ಹೆಸರಿಲ್ಲದೆ, ಕ್ರಮವಿಲ್ಲದೆ ತೋರಿಸುತ್ತದೆ.

ಪ್ರಶ್ನೆ ಕೇಳಿದವರು:
ನೋಡಿದೆ, ಎರಡೂ ದಿನ ಆರೂವರೆಗೇ ಹೊರಟಿದ್ದೇನೆ. ಫೋನು ಜೇಬಿನಲ್ಲಿತ್ತೆಂಬುದನ್ನೂ ಹೇಳಬೇಕು. ಅದನ್ನು ಸ್ಕೂಟರಿನ ಹ್ಯಾಂಡಲ್‌ಗೆ ಸಿಕ್ಕಿಸಿ, ಭಾನುವಾರ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹೋಗಿಬಂದು ನಾಲ್ಕೂ ಜಾಡುಗಳನ್ನು ತಿದ್ದದೆ ಹಾಕುತ್ತೇನೆ. ರಸ್ತೆಯ ಗೆರೆಯನ್ನು ಅಲ್ಲಿಯವರೆಗೆ ಮುಟ್ಟುವುದಿಲ್ಲ.