‘ದಿಗಿಲು’, ‘ಗಾಬರಿ’, ‘ಗೀಳು’: ಮನೋವೈದ್ಯದ ಬಳಕೆಯಲ್ಲಿ ಯಾವುದು ಯಾವುದಕ್ಕೆ?

ಮಾನ್ಯರೆ,

ಆತಂಕದ ಕಾಯಿಲೆಗಳನ್ನು ರೋಗಿಗಳಿಗೆ ವಿವರಿಸುವ ಬರಹವೊಂದನ್ನು ತಿದ್ದುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ‘ಆಂಕ್ಸೈಟಿ’ಗೆ ‘ಆತಂಕ’ ಎಂಬುದು ನೆಲೆಯೂರಿದೆ. ಚರಕಸಂಹಿತೆಯಲ್ಲಿ ಈ ಪದ ರೋಗಕ್ಕೇ ಪರ್ಯಾಯವಾಗಿದೆ, ‘ಅಡ್ಡಿ ಆತಂಕ’ ಎನ್ನುವಾಗ ತಡೆಯೆಂಬ ಅರ್ಥವೂ ಉಳಿದಿದೆ. ಆದರೂ ಓದುಗರು ಎಡವುವುದಿಲ್ಲವಾದ್ದರಿಂದ ಅದನ್ನು ಬದಲಿಸುವ ಯೋಚನೆ ನನಗಿಲ್ಲ.

ತೊಡಕಿರುವುದು ‘ಪ್ಯಾನಿಕ್ ಅಟ್ಯಾಕ್’ನಲ್ಲಿ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಹೊರತಂದ ಮನೋರೋಗಗಳ ಕೈಪಿಡಿಯ ಮೂರನೆಯ ಆವೃತ್ತಿಯು, ಅದುವರೆಗೆ ‘ಆಂಕ್ಸೈಟಿ ನ್ಯೂರೋಸಿಸ್’ ಎಂದು ಒಟ್ಟಾಗಿ ಕರೆಯುತ್ತಿದ್ದುದನ್ನು ಒಡೆದು, ಹಠಾತ್ತಾಗಿ ಎರಗುವ ಭಯವನ್ನೂ ಬಿಟ್ಟೂಬಿಡದೆ ಕಾಡುವ ಚಿಂತೆಯನ್ನೂ ಬೇರೆ ಬೇರೆ ಕಾಯಿಲೆಗಳೆಂದು ಗುರುತಿಸಿತು. ಎರಡನೆಯದು, ಈಗಿನ ಮಾನದಂಡದಂತೆ, ಕನಿಷ್ಠ 6 ತಿಂಗಳಾದರೂ ಇರಬೇಕು. ಮೊದಲನೆಯದರಲ್ಲಿ ಎದೆಬಡಿತ, ನಡುಕ, ಉಸಿರು ಕಟ್ಟಿದಂತಾಗುವುದು, ಸತ್ತೇಹೋಗುತ್ತೇನೆಂಬ ಭಯ ಇವೆಲ್ಲ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟುತ್ತವೆ, ಅದೂ ಹಲವು ಸಲ ಯಾವ ಕಾರಣವೂ ಕಾಣದೆ. ‘ಗಾಬರಿ’ ಎಂದೊಡನೆ ಕೇಳುವವರು ಏಕೆಂದು ಕೇಳುತ್ತಾರೆ. ‘ಭೀತಿ’ಯನ್ನು ಎತ್ತರ, ಮುಚ್ಚಿದ ಕೋಣೆ ಮುಂತಾದವುಗಳ ‘ಫೋಬಿಯಾ’ಕ್ಕೆ ಮೀಸಲಿಡುವುದು ಲೇಸು. ‘ದಿಗಿಲು’ ಮಾತ್ರ ಹಠಾತ್ತನ್ನೂ ಮೈಯ ತಲ್ಲಣವನ್ನೂ ಒಟ್ಟಿಗೆ ಹೇಳುತ್ತದೆಂದು ನನಗೆ ತೋರುತ್ತದೆ.

ಹಾಗಾದರೆ ‘ಅಟ್ಯಾಕ್’? ‘ದಿಗಿಲಾಘಾತ’ ಎಂಬ ಸಲಹೆ ಬಂದಿತ್ತು. ಹೃದಯಾಘಾತವೆಂದೇ ತಿಳಿದು ತುರ್ತು ಚಿಕಿತ್ಸೆಗೆ ಓಡುವವರು ಇರುವಾಗ ಆ ಹೋಲಿಕೆಯನ್ನು ಹೆಸರಿನಲ್ಲೂ ಉಳಿಸುವುದು ಸರಿಯಲ್ಲ. ‘ದಾಳಿ’ ಹೊರಗಿನ ಶತ್ರುವನ್ನು ನೆನಪಿಸುತ್ತದೆ. ಏರಿ ತಾನಾಗಿಯೇ ಇಳಿಯುವುದರಿಂದ ‘ದಿಗಿಲಿನ ಉಬ್ಬರ’ ಎಂದು ಬರೆದಿದ್ದೇನೆ.

‘ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್’ಗೆ ‘ಗೀಳು ರೋಗ’ ಎಂಬುದು ಬಳಕೆಗೆ ಬಂದು ಬಹಳ ಕಾಲವಾಯಿತು. ಅದೇ ಕೈಪಿಡಿಯ 2013ರ ಆವೃತ್ತಿಯು ಈ ಕಾಯಿಲೆಯನ್ನು ಆತಂಕದ ಗುಂಪಿನಿಂದ ತೆಗೆದು ಪ್ರತ್ಯೇಕ ಅಧ್ಯಾಯಕ್ಕೆ ಸೇರಿಸಿದೆ. ಆದರೆ ಆಡುಮಾತಿನ ‘ಗೀಳು’ ಸಿನಿಮಾ ಗೀಳಿನಂತೆ ಇಷ್ಟಪಟ್ಟು ಅಂಟಿಸಿಕೊಂಡದ್ದು. ರೋಗಿಯ ತಲೆಯೊಳಗೆ ಮತ್ತೆ ಮತ್ತೆ ನುಗ್ಗುವ ಆಲೋಚನೆಯಾದರೋ ಅವನಿಗೇ ಬೇಡವಾದದ್ದು, ಅದರ ಒತ್ತಡಕ್ಕೆ ಪದೇ ಪದೇ ಕೈ ತೊಳೆಯುವುದರಲ್ಲಿ ಅವನಿಗೆ ಸುಖವೇನೂ ಇಲ್ಲ.

‘ದಿಗಿಲಿನ ಉಬ್ಬರ’ ಎಂದರೆ ಮೊದಲ ಓದಿಗೇ ಅರ್ಥವಾದೀತೆ? ಬೇಡವೆಂದರೂ ಮರುಕಳಿಸುವ ಆಲೋಚನೆಗೆ ‘ಗೀಳು’ ಅಲ್ಲದೆ ಬೇರೆ ಪದ ನಿಮ್ಮಲ್ಲಿ ಬಳಕೆಯಲ್ಲಿದ್ದರೆ, ಅದು ಬರುವ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.